ಫ್ಲೆಕ್ಷನ್, ಸುಪಿನೇಷನ್, ಅಬ್ಡಕ್ಷನ್: ಅದಲುಬದಲಾಗದ ಹಾಗೆ ನೆನಪಿಡೋದು ಹೇಗೆ?

ಪಿಯುಸಿವರೆಗೂ ಕನ್ನಡ ಮಾಧ್ಯಮ, ಈಗ ನರ್ಸಿಂಗ್ ಮೊದಲ ವರ್ಷ, ಚಲನೆಯ ಹೆಸರುಗಳನ್ನ ಎಷ್ಟು ಉರು ಹೊಡೆದರೂ ಪರೀಕ್ಷೆ ಹೊತ್ತಿಗೆ ಅದಲುಬದಲಾಗುತ್ತೆ ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್, ಓದಿದ್ದು ನಿಮ್ಮ ಹಾಗೇ. ಪುಸ್ತಕ ಮುಚ್ಚಿಟ್ಟು ಎದ್ದು ನಿಂತ್ಕೊಳ್ಳಿ.

ಮುಖ, ಪಾದ ಎರಡೂ ಮುಂದಕ್ಕೆ. ಕೈ ಇಳಿಬಿಟ್ಟು ಅಂಗೈ ಮುಂದಕ್ಕೆ ತಿರುಗಿಸಿ, ಹೆಬ್ಬೆರಳು ಹೊರಗಡೆ ಬರಬೇಕು. ಇದೇ ಅನಾಟಾಮಿಕಲ್ ಪೊಸಿಷನ್. ರೋಗಿ ಮಲಗಿರಲಿ, ಕೂತಿರಲಿ, ಹೀಗೆ ನಿಂತಿದ್ದಾರೆ ಅಂತಲೇ ಲೆಕ್ಕ. ಎಡ ಬಲ ಕೂಡ ಅವರದು, ಎದುರಿಗಿರೋ ನಿಮ್ಮದಲ್ಲ.

ಸುಪಿನೇಷನ್, ಪ್ರೋನೇಷನ್ ನನಗೆ ಗಟ್ಟಿಯಾಗಿ ಕೂತಿದ್ದು ಶ್ರೀನಿವಾಸಪುರ ಕಡೆಯ ಒಬ್ಬ ಅಜ್ಜಿಯಿಂದ. ಕೊಟ್ಟಿಗೇಲಿ ಜಾರಿ, ಅಂಗೈ ಊರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಂದು, ನೋವಿನ ಮಾತೇ ಎತ್ತದೆ, "ತೀರ್ಥ ನಿಲ್ತಿಲ್ಲ ಕಣಪ್ಪಾ, ಜಾರೋಗ್ತೈತೆ" ಅಂದ್ರು. ರಂಗೋಲಿ ಹಾಕೋಕೆ ಅಡ್ಡಿಯಿರಲಿಲ್ಲ, ಅಂಗೈ ಕೆಳಮುಖ ಇದ್ದರೆ ಸಾಕಲ್ಲ. ಮೇಲ್ಮುಖ ಮಾಡೋಕೆ ಮಾತ್ರ ಆಗ್ತಿರಲಿಲ್ಲ. "ಅಜ್ಜಿ, ಮೊಣಕೈ ಪಕ್ಕೆಗೆ ಒತ್ತಿಟ್ಕೊಂಡು ಅಂಗೈ ಅಂಗಾತ ಮಾಡಿ" ಅಂತ ಹೇಳಿಕೊಟ್ಟೆ. ಮೊಣಕೈ ಒತ್ತಿಡದಿದ್ದರೆ ಭುಜವೇ ತಿರುಗಿ ನಮಗೆ ಮೋಸ ಮಾಡುತ್ತೆ.

ಆ ಮಾತು ಬಾಯಿಗೆ ಬಂದಾಗಲೇ ಹೊಳೆದದ್ದು: ಅಂಗಾತ, ಬೋರಲು ಅನ್ನೋ ಜೋಡಿ ನಮ್ಮಲ್ಲಿ ಮೊದಲೇ ಇದೆ! ಅಂಗಾತ ಮಲಗಿದರೆ ಸುಪೈನ್, ಅಂಗೈ ಅಂಗಾತವಾದರೆ ಸುಪಿನೇಷನ್. ಬೋರಲು ಮಲಗಿದರೆ ಪ್ರೋನ್, ಅಂಗೈ ಬೋರಲಾದರೆ ಪ್ರೋನೇಷನ್. ಕೋವಿಡ್ ಸಮಯದಲ್ಲಿ ಉಸಿರಾಟಕ್ಕೆ ಕಷ್ಟ ಆದವರನ್ನ ಬೋರಲು ಮಲಗಿಸ್ತಿದ್ದರಲ್ಲ, ಅದೇ ಪ್ರೋನ್. ಈಗ ಎಡಗೈಯಲ್ಲಿ ಬಲ ಮುಂಗೈ ಹಿಡಿದು ಅಂಗೈ ತಿರುಗಿಸಿ ನೋಡಿ. ಅಂಗಾತ ಇದ್ದಾಗ ರೇಡಿಯಸ್, ಅಲ್ನಾ ಎರಡೂ ಮೂಳೆ ಪಕ್ಕಪಕ್ಕ ಇರುತ್ತವೆ. ಬೋರಲಾದಾಗ ರೇಡಿಯಸ್ ಅಲ್ನಾವನ್ನ ಅಡ್ಡ ದಾಟುತ್ತೆ.

ಫ್ಲೆಕ್ಷನ್ ಮಡಚೋದು, ಎಕ್ಸ್‌ಟೆನ್ಷನ್ ಚಾಚೋದು. ಎಡವೋದು ಮೊಣಕಾಲಲ್ಲಿ. ಮೊಣಕೈ ಮಡಚಿದರೆ ಮುಂಗೈ ಮುಂದೆ ಬರುತ್ತೆ, ಮೊಣಕಾಲು ಮಡಚಿದರೆ ಹಿಮ್ಮಡಿ ಹಿಂದೆ ಹೋಗುತ್ತೆ, ಎರಡೂ ಫ್ಲೆಕ್ಷನ್ನೇ. ಗರ್ಭದಲ್ಲಿ ಬೆಳೆಯುವಾಗ ಕೈ ಹೊರಕ್ಕೂ ಕಾಲು ಒಳಕ್ಕೂ ತಿರುಗುತ್ತವೆ. ಹಾಗಾಗಿ ಮೊಣಕೈ ಹಿಂದಕ್ಕೆ, ಮಂಡಿ ಮುಂದಕ್ಕೆ ಮುಖ ಮಾಡಿವೆ. ಈ ಒಂದು ಕಾರಣ ತಿಳಿದ ಮೇಲೆ ನಾನು ಇಲ್ಲಿ ಮತ್ತೆ ತಪ್ಪಿಲ್ಲ.

ಅಬ್ಡಕ್ಷನ್ ಮೈಯ ನಡುಗೆರೆಯಿಂದ ದೂರ, ಅಡ್ಡಕ್ಷನ್ ಹತ್ತಿರ. ಕಿವಿಗೆ ಎರಡೂ ಒಂದೇ ಥರ ಕೇಳಿಸೋದರಿಂದ ವಾರ್ಡಲ್ಲಿ "ಎ-ಬಿ-ಡಕ್ಷನ್", "ಎ-ಡಿ-ಡಕ್ಷನ್" ಅಂತ ಬಿಡಿಸಿ ಹೇಳಿ, ನಾಚಿಕೆ ಬೇಡ, ದೊಡ್ಡ ಡಾಕ್ಟರುಗಳೂ ಹಾಗೇ ಹೇಳ್ತಾರೆ. ಬೆರಳುಗಳಿಗೆ ಮಾತ್ರ ಲೆಕ್ಕ ಬೇರೆ: ಕೈಯಲ್ಲಿ ನಡುಬೆರಳು, ಕಾಲಲ್ಲಿ ಹೆಬ್ಬೆರಳಿನ ಪಕ್ಕದ ಬೆರಳು, ಇವೇ ನಡುಗೆರೆ.

ಕೇಸ್ ಶೀಟಲ್ಲಿ "ಸುಪಿನೇಷನ್" ಅಂತಲೇ ಬರೀರಿ. ರೋಗಿಗೆ ಮಾತ್ರ "ತೀರ್ಥಕ್ಕೆ ಕೈ ಒಡ್ಡೋ ಹಾಗೆ ಮಾಡಿ" ಅನ್ನಿ, ತಕ್ಷಣ ಮಾಡ್ತಾರೆ.