ಸಿಗಡಿ ಕಥೆಗೆ ನೀತಿ ಬೇಕೇ?

ಕಳೆದ ಸಂಚಿಕೆಯಲ್ಲಿ ಪಂಜೆ ಮಂಗೇಶರಾಯರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯನ್ನು ಹಾಕಿದ್ದೆವು. ಸಿಗಡಿ ಎಂದರೆ ಮೀನಿನಂತೆ ನೀರಿನಲ್ಲಿ ಹಿಡಿದು ತಿನ್ನುವ ಸಣ್ಣ ಜೀವಿ. ಬಯಲುಸೀಮೆಯ ಶಾಲೆಯೊಂದರ ಶಿಕ್ಷಕಿ ಅದರ ಬಗ್ಗೆ ಪತ್ರ ಬರೆದಿದ್ದಾರೆ: “ಮೂರನೇ ತರಗತಿಗೆ ಓದಿ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ನೀತಿ ಏನು ಅಂತ ಹೇಳೋಕೆ ನನಗೇ ತಿಳಿಯಲಿಲ್ಲ. ಪಂಜೆಯವರೂ ಮೇಷ್ಟ್ರಾಗಿದ್ದವರು. ಯಾಕೆ ಹೀಗೆ ಬರೆದರು? ಸಿಗಡಿಯನ್ನೇ ಕಾಣದ ನಮ್ಮ ಮಕ್ಕಳಿಗೆ ಬೇರೆ ಪದ ಹಾಕಬಹುದೇ?”

ಪ್ರಿಯ ಟೀಚರ್,

ಮಕ್ಕಳು ನಕ್ಕರು ಎಂದಿರಲ್ಲ, ಆ ಸಾಲು ಓದಿ ತುಂಬ ಖುಷಿಯಾಯಿತು. ಪಂಜೆಯವರು ಹಾಗೆ ಬರೆದದ್ದೇ ಮೇಷ್ಟ್ರಾಗಿದ್ದರಿಂದ ಎಂದು ನನ್ನ ನಂಬಿಕೆ.

ಅವರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮಂಗಳೂರಿನಲ್ಲಿ ಪಾಠ ಮಾಡಿದರು. ಶಾಲಾ ಇನ್‌ಸ್ಪೆಕ್ಟರ್ ಆದರು. ಮುಂದೆ ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆದರು. ಅಲ್ಲಿನ ನಂಟಿನಿಂದ ಹುಟ್ಟಿದ ‘ಹುತ್ತರಿ ಹಾಡು’ ಇವತ್ತಿಗೂ ಕೊಡಗಿನವರ ಬಾಯಲ್ಲಿದೆ. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರಲ್ಲಿ ತೀರಿಕೊಂಡರು.

ಇನ್‌ಸ್ಪೆಕ್ಟರ್ ಬಂದರೆ ಮಕ್ಕಳಿಗಿರಲಿ, ಮೇಷ್ಟ್ರಿಗೇ ನಡುಕ ಬರುತ್ತಿದ್ದ ಕಾಲ ಅದು. ಪಂಜೆಯವರು ತರಗತಿಗೆ ಹೋಗಿ ಕಥೆ ಹೇಳುತ್ತಿದ್ದರು, ಹಾಡು ಹಾಡಿಸುತ್ತಿದ್ದರು. ಎದುರಿಗೆ ಕೂತ ಮಗು ಯಾವಾಗ ಕಣ್ಣರಳಿಸುತ್ತದೆ, ಯಾವಾಗ ಆಕಳಿಸುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕಸುಬೆಲ್ಲ ಇರುವುದು ಅಲ್ಲೇ. ಅವರು ಕಿವಿಗೆ ಬರೆದರು, ಬಾಯಿಗೆ ಬರೆದರು.

ಸಿಗಡಿ ಕಥೆಯನ್ನೇ ನೋಡಿ. ಸಿಗಡಿ ಯಾಕೆ ಒಣಗಲಿಲ್ಲ? ಹುಲ್ಲು ಅಡ್ಡ ಬಂತು. ಹುಲ್ಲು ಯಾಕೆ ಅಡ್ಡ ಬಂತು? ದನ ಮೇಯಲಿಲ್ಲ. ಹೀಗೇ ಅಜ್ಜಿಯೂ ಸೇರಿ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾ ಹೋಗಿ, ಕೊನೆಗೆ ಇರುವೆಯ ಹತ್ತಿರ ಬಂದು ನಿಲ್ಲುತ್ತದೆ. ಎರಡು ಪ್ರಶ್ನೆ ಆಗುವಷ್ಟರಲ್ಲಿ ಮಗುವಿಗೆ ಕಥೆಯ ನಡಿಗೆ ಸಿಕ್ಕಿಬಿಡುತ್ತದೆ. ಮೂರನೆಯದನ್ನು ಅದೇ ಕೇಳುತ್ತದೆ. ‘ಯಾಕೆ’ ಅಂತ ಕೇಳುವುದು ಮಕ್ಕಳ ಹುಟ್ಟುಗುಣ, ಅಲ್ವಾ? ದೊಡ್ಡವರು ‘ಸುಮ್ನೆ ಕೂತ್ಕೋ’ ಎಂದು ಬಾಯಿ ಮುಚ್ಚಿಸುವ ಆ ಪ್ರಶ್ನೆಯ ಮೇಲೆ ಒಂದಿಡೀ ಕಥೆ ನಿಂತಿದೆ. ಇದಕ್ಕೆ ಕೊನೆಯಲ್ಲಿ ನೀತಿ ಅಂಟಿಸಿದರೆ ಅಷ್ಟು ಹೊತ್ತು ಪ್ರಶ್ನೆ ಕೇಳುತ್ತಿದ್ದ ಮಗು ಮತ್ತೆ ಕೈಕಟ್ಟಿ ಕೂರಬೇಕಾಗುತ್ತದೆ.

ಅವರ ‘ನಾಗರಹಾವೆ’ ಪದ್ಯ ನಿಮಗೂ ಬಾಯಿಪಾಠ ಇರಬೇಕು. ಪ್ರತಿ ನುಡಿಯ ಕೊನೆಯಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಮೊದಲು ‘ಬಾ ಬಾ’, ಆಮೇಲೆ ‘ನೀ ನೀ’, ‘ತಾ ತಾ’, ಕೊನೆಗೆ ‘ಪೋ ಪೋ’. ಹಾವನ್ನು ಕರೆದು, ಮುದ್ದು ಮಾಡಿ, ಅದರ ಹತ್ತಿರ ಚಿನ್ನ ಕೇಳಿ, ಕಡೆಗೆ ಹೆದರಿ ಓಡಿಸುವ ಮಗುವಿನ ಮನಸ್ಸೆಲ್ಲ ಆ ನಾಲ್ಕು ಅಕ್ಷರಗಳಲ್ಲಿ ಬಂದುಹೋಗುತ್ತದೆ. ಅಕ್ಷರ ಬಾರದ ಕೂಸೂ ಕೂಗಬಹುದು. ಇಷ್ಟು ಸರಳವಾಗಿ ಬರೆಯೋದಕ್ಕೆ ಜಾಸ್ತಿ ಶ್ರಮ ಬೇಕು. ನಮ್ಮ ಪತ್ರಿಕೆಗೆ ಬರುವ ಮಕ್ಕಳ ಪದ್ಯಗಳನ್ನು ಓದುವಾಗಲೆಲ್ಲ ಇದು ಮನಸ್ಸಿಗೆ ಬರುತ್ತದೆ.

ಪಂಜೆಯವರಿಗೆ ನೀತಿಯೇ ಬೇಡವಾಗಿತ್ತು ಎಂದಲ್ಲ. ತುಳುನಾಡಿನ ವೀರರ ‘ಕೋಟಿ ಚೆನ್ನಯ’ ಬರೆದಾಗ ನ್ಯಾಯ, ಅನ್ಯಾಯ ಎರಡೂ ಅದರಲ್ಲಿ ಬಂದವು. ಆದರೆ ಅವು ಆ ಅವಳಿ ಸಹೋದರರ ಬದುಕಿನೊಳಗೇ ಇವೆ. ಕಥೆ ನಿಲ್ಲಿಸಿ ಪಾಠ ಹೇಳುವುದಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ದಯವಿಟ್ಟು ಸಿಗಡಿಯನ್ನು ಬದಲಿಸಬೇಡಿ. ಕಾಣದ ವಸ್ತುವಿನ ಬಗ್ಗೆ ಕುತೂಹಲ ಹುಟ್ಟಿದರೆ ಒಳ್ಳೆಯದೇ. ಕರಾವಳಿಯಲ್ಲಿ ಬೇಸಿಗೆಯಲ್ಲಿ ಸಿಗಡಿಯನ್ನು ಒಣಗಿಸಿ ಮಳೆಗಾಲಕ್ಕೆ ಎತ್ತಿಡುತ್ತಾರೆ ಎಂದು ಮೊದಲೇ ಹೇಳಿಬಿಡಿ, ಸಾಕು. ಮುಂದಿನ ಸಲ ಪುಸ್ತಕ ಮುಚ್ಚಿಟ್ಟು ಕಥೆ ಹೇಳಿ. ಒಬ್ಬ ಹುಡುಗ ದನವಾಗಲಿ, ಒಬ್ಬಳು ಅಜ್ಜಿಯಾಗಲಿ. ಇರುವೆಯ ಮಾತನ್ನು ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಮಗುವಿಗೆ ಕೊಡಿ. ಹೇಗಾಯಿತು ಎಂದು ನಮಗೆ ಬರೆಯಿರಿ.

– ಸಂಪಾದಕ