ಅಟ್ಟ ಸೇರಿದ ಕಂಪ್ಯೂಟರಿನಿಂದ ಹಳೆಯ ಇಮೇಲ್‌ಗಳನ್ನು ತೆಗೆಯಬಹುದೇ?

ಪ್ರಶ್ನೆ: ಮಾನ್ಯರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ತೀರಿಕೊಂಡ ನಮ್ಮ ತಂದೆಯವರು, ಲಿಂಗನಮಕ್ಕಿ ಹಿನ್ನೀರಿನಲ್ಲಿ ಮನೆ ಜಮೀನು ಕಳೆದುಕೊಂಡು ಬೇರೆ ಬೇರೆ ಊರು ಸೇರಿದ ನಮ್ಮ ನೆಂಟರಿಷ್ಟರಿಗೆ ಹಲವು ವರ್ಷ ಇಮೇಲ್ ಬರೆದು, ಮುಳುಗಿದ ಊರು, ಮನೆತನ, ದೇವಸ್ಥಾನಗಳ ವಿವರಗಳನ್ನು ತರಿಸಿಕೊಳ್ಳುತ್ತಿದ್ದರು. 2005ರ ಆಸುಪಾಸಿನ ಆ ಪತ್ರಗಳೆಲ್ಲ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಇಮೇಲ್ ತಂತ್ರಾಂಶದಲ್ಲಿದ್ದವು. ತಂದೆಯವರು ಕನ್ನಡವನ್ನು ನುಡಿ ತಂತ್ರಾಂಶದಲ್ಲಿ ಬರೆಯುತ್ತಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಕಂಪ್ಯೂಟರ್ ಅಟ್ಟದ ಮೇಲಿದ್ದು, ಈಗ ಸ್ವಿಚ್ ಹಾಕಿದರೆ ಜೀವವೇ ಇಲ್ಲ. ಪೇಟೆಯ ಅಂಗಡಿಯವರೊಬ್ಬರು ‘ಇದರಲ್ಲಿ ಏನೂ ಸಿಗುವುದಿಲ್ಲ, ಗುಜರಿಗೆ ಹಾಕಿ’ ಎಂದರು. ಅದು ನಿಜವೇ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ಕಂಪ್ಯೂಟರ್ ಆನ್ ಆಗದಿರುವುದಕ್ಕೂ ಹಾರ್ಡ್ ಡಿಸ್ಕ್ ಕೆಟ್ಟಿರುವುದಕ್ಕೂ ನೇರ ಸಂಬಂಧವಿಲ್ಲ. ಇಷ್ಟು ವರ್ಷ ಅಟ್ಟದ ಮೇಲಿದ್ದ ಕಂಪ್ಯೂಟರಿನಲ್ಲಿ ಕೈಕೊಡುವುದು ಸಾಮಾನ್ಯವಾಗಿ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆ, ಇಲ್ಲವೇ ಮದರ್‌ಬೋರ್ಡಿನ ಕೆಪಾಸಿಟರುಗಳು. ಮಲೆನಾಡಿನಲ್ಲಿ ಸಿಡಿಲಿಗೆ ಸುಟ್ಟ ಮೋಡೆಮ್ ಮತ್ತು ಬೋರ್ಡುಗಳ ಸಂಖ್ಯೆಯೂ ಕಡಿಮೆಯೇನಲ್ಲ. ಇವೆಲ್ಲ ಹಾಳಾದರೂ ಡಿಸ್ಕಿನೊಳಗಿನ ಬರಹ ಹಾಗೆಯೇ ಉಳಿದಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದ್ದರಿಂದ ನೀವು ದುರಸ್ತಿ ಮಾಡಿಸಬೇಕಾಗಿರುವುದು ಕಂಪ್ಯೂಟರನ್ನಲ್ಲ. ಅದರಿಂದ ಡಿಸ್ಕನ್ನು ಹೊರತೆಗೆದು ಬೇರೊಂದು ಕಂಪ್ಯೂಟರಿನಲ್ಲಿ ಓದಿಸಬೇಕು.

ಅದಕ್ಕೆ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಆ ಕಾಲದಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಸುತ್ತಿದ್ದ ಬಹುತೇಕ ಮನೆಗಳಲ್ಲಿ ಪತ್ರಗಳು ಬರುತ್ತಿದ್ದುದು ಪಾಪ್ 3 ಎಂಬ ವಿಧಾನದಲ್ಲಿ. ಈ ವಿಧಾನದಲ್ಲಿ, ಬೇಡವೆಂದು ವಿಶೇಷವಾಗಿ ಸೂಚಿಸದ ಹೊರತು, ಪತ್ರ ಮನೆಯ ಕಂಪ್ಯೂಟರಿಗೆ ಇಳಿದ ಮೇಲೆ ಸೇವೆ ಒದಗಿಸುವವರ ಸರ್ವರಿನಿಂದ ಅಳಿಸಿಹೋಗುತ್ತದೆ. ಹಾಗಾಗಿ ನಿಮ್ಮ ತಂದೆಯವರಿಗೆ ಬಂದ ಪತ್ರಗಳ ಪ್ರತಿ ಇಡೀ ಜಗತ್ತಿನಲ್ಲಿ ಆ ಒಂದು ಡಿಸ್ಕಿನಲ್ಲಿ ಮಾತ್ರ ಇರಬಹುದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ; ಅದಕ್ಕೂ ಮೊದಲಿನ ಊರುಗಳನ್ನು ಕಣ್ಣಾರೆ ಕಂಡು ಆ ಪತ್ರಗಳನ್ನು ಬರೆದವರಲ್ಲಿ ಎಷ್ಟು ಮಂದಿಯನ್ನು ಇಂದು ಮತ್ತೆ ಕೇಳಲು ಸಾಧ್ಯ? ಈ ಕಾರಣಕ್ಕಾಗಿಯೇ ಮುಂದೆ ಹೇಳುವುದನ್ನು ತುಸು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ: ಮೂಲ ಡಿಸ್ಕಿನ ಮೇಲೆ ಯಾವ ಪ್ರಯೋಗವನ್ನೂ ಮಾಡಕೂಡದು. ಅದರಿಂದ ಒಂದು ಪೂರ್ಣ ಪ್ರತಿಯನ್ನು ತೆಗೆದು, ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಸಬೇಕು. ಹೊಸ ಎಸ್‌ಎಂಪಿಎಸ್ ಹಾಕಿಸಿ ಹಳೆಯ ಕಂಪ್ಯೂಟರನ್ನೇ ಚಾಲೂ ಮಾಡಿ ನೋಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ವಿಂಡೋಸ್ ಏಳುವಾಗಲೇ ಡಿಸ್ಕಿನ ಮೇಲೆ ಹತ್ತಾರು ಕಡೆ ಬರೆಯುತ್ತದೆ. ಔಟ್‌ಲುಕ್ ಎಕ್ಸ್‌ಪ್ರೆಸ್ ಕೂಡ ಆಗಾಗ ತನ್ನ ಕಡತಗಳನ್ನು ಅಡಕಗೊಳಿಸುತ್ತದೆ. ಅಳಿಸಿದಂತೆ ಕಂಡರೂ ಕಡತದೊಳಗೆ ಇನ್ನೂ ಉಳಿದಿರುವ ಪತ್ರಗಳು ನಿಜವಾಗಿ ಕಳೆದುಹೋಗುವುದು ಆಗಲೇ.

ಕಂಪ್ಯೂಟರಿನ ಪಕ್ಕದ ಹಲಗೆ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಸಡಿಲಿಸಿದರೆ ಡಿಸ್ಕ್ ಕೈಗೆ ಬರುತ್ತದೆ. ಅದರ ಬೆನ್ನಿಗಿರುವ ಜೋಡಣೆಯನ್ನು ನೋಡಿ. ಅಂಗೈಯಗಲಕ್ಕಿಂತ ಸ್ವಲ್ಪ ಕಡಿಮೆ ಅಗಲದ, ಬೂದು ಬಣ್ಣದ ಪಟ್ಟಿಯಂಥ ಕೇಬಲ್ ಸಿಕ್ಕಿಸಿದ್ದು, ಕಿತ್ತಾಗ ಎರಡು ಸಾಲು ಸಣ್ಣ ಪಿನ್ನುಗಳು ಕಂಡರೆ ಅದು ಐಡಿಇ ಡಿಸ್ಕ್. ಬೆರಳಗಲದ ತೆಳು ಕೇಬಲ್ ಇದ್ದರೆ ಸಾಟಾ. ಸಾಟಾ ಡಿಸ್ಕುಗಳು ಮಾರುಕಟ್ಟೆಗೆ ಬಂದದ್ದು 2003ರಲ್ಲಾದ್ದರಿಂದ ನಿಮ್ಮದು ಎರಡರಲ್ಲಿ ಯಾವುದೂ ಇರಬಹುದು. ಎರಡಕ್ಕೂ ಹೊಂದುವ ಯುಎಸ್‌ಬಿ ಅಡಾಪ್ಟರುಗಳು ಆನ್‌ಲೈನ್ ಅಂಗಡಿಗಳಲ್ಲಿ ದೊರೆಯುತ್ತವೆ. ಕೊಳ್ಳುವಾಗ ಪ್ರತ್ಯೇಕ 12 ವೋಲ್ಟ್ ವಿದ್ಯುತ್ ಅಡಾಪ್ಟರ್ ಜೊತೆಗಿರುವುದನ್ನೇ ಕೊಳ್ಳಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕ್ ಯುಎಸ್‌ಬಿಯಿಂದ ಬರುವ ವಿದ್ಯುತ್ತಿನಲ್ಲಿ ತಿರುಗುವುದಿಲ್ಲ. ಐಡಿಇ ಡಿಸ್ಕ್ ಆದರೆ ಪಿನ್ನುಗಳ ಪಕ್ಕದಲ್ಲಿ ಜಂಪರ್ ಎಂಬ ಚಿಕ್ಕ ಪ್ಲಾಸ್ಟಿಕ್ ತುಂಡಿರುತ್ತದೆ. ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಚಿತ್ರದಂತೆ ಅದನ್ನು ‘ಮಾಸ್ಟರ್’ ಸ್ಥಾನದಲ್ಲಿಡಿ.

ವಿದ್ಯುತ್ ಕೊಡಲು ಅವಸರ ಬೇಡ. ನಮ್ಮ ಕಡೆಯ ಅಟ್ಟಗಳಲ್ಲಿ ಮಳೆಗಾಲದ ತೇವ ಎಷ್ಟೆಂಬುದು ನಿಮಗೆ ಗೊತ್ತೇ ಇದೆ. ಪುಸ್ತಕಕ್ಕೆ ಬೂಷ್ಟು ಹಿಡಿಯುವ ಜಾಗದಲ್ಲಿ ಡಿಸ್ಕಿನ ಹಸಿರು ಬೋರ್ಡಿಗೂ ತೇವ ತಗಲಿರುತ್ತದೆ. ಡಿಸ್ಕನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಾಕಷ್ಟು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕೆಲವು ದಿನ ಇಟ್ಟು ಒಣಗಿಸಿ. ಬಿಸಿಲಿಗೆ ಹಾಕುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಪಿನ್ನುಗಳಲ್ಲಿ ಹಸಿರು ಅಥವಾ ಬಿಳಿ ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೃದು ಬ್ರಷ್ಷಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಸಾಧ್ಯವಿದ್ದರೆ ಈ ಕೆಲಸವನ್ನೆಲ್ಲ ಬೇಸಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಸಲ ವಿದ್ಯುತ್ ಕೊಟ್ಟಾಗ ಕಿವಿಗೊಟ್ಟು ಕೇಳಿ. ಏಕಪ್ರಕಾರವಾಗಿ ತಿರುಗುವ ಸದ್ದು ಬಂದರೆ ಮುಂದುವರಿಯಬಹುದು. ‘ಟಕ್… ಟಕ್…’ ಎಂದು ಒಂದೇ ಲಯದಲ್ಲಿ ಬಡಿಯುವ ಸದ್ದಾಗಲಿ, ಉಜ್ಜುವ ಸದ್ದಾಗಲಿ ಬಂದರೆ ತಕ್ಷಣ ವಿದ್ಯುತ್ ತೆಗೆಯಿರಿ, ಮತ್ತೆ ಕೊಡಬೇಡಿ. ಡಿಸ್ಕಿನ ತಟ್ಟೆಯ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲಬೇಕಾದ ಓದುವ ಮುಳ್ಳು ದಾರಿ ತಪ್ಪಿದೆ ಎಂದು ಅದರ ಅರ್ಥ; ಪ್ರತಿ ಸಲ ತಿರುಗಿಸಿದಾಗಲೂ ಅದು ತಟ್ಟೆಯನ್ನು ಕೆರೆಯಬಹುದು. ಅಂಥ ಡಿಸ್ಕನ್ನು ಧೂಳಿಲ್ಲದ ವಿಶೇಷ ಕೋಣೆಯಲ್ಲಷ್ಟೇ ಬಿಚ್ಚಬೇಕು. ಆ ಸೌಲಭ್ಯವಿರುವ ಸಂಸ್ಥೆಗಳಿಗಾಗಿ ನೀವು ಬೆಂಗಳೂರಿನಂಥ ನಗರಕ್ಕೇ ಹೋಗಬೇಕಾಗುತ್ತದೆ ಮತ್ತು ಖರ್ಚು ಗಣನೀಯವಾಗಿಯೇ ಇರುತ್ತದೆ. ಯಾವ ಅಂಗಡಿಯವರಾದರೂ ಮೇಜಿನ ಮೇಲೆಯೇ ಡಿಸ್ಕಿನ ಮುಚ್ಚಳ ತೆಗೆದು ನೋಡುತ್ತೇನೆ ಎಂದರೆ ಡಿಸ್ಕನ್ನು ಹಿಂದಕ್ಕೆ ತೆಗೆದುಕೊಂಡು ಬನ್ನಿ.

ಸದ್ದು ಸರಿಯಾಗಿದ್ದರೆ ಈಗ ಪ್ರತಿ ತೆಗೆಯುವ ಕೆಲಸ. ಪ್ರತಿಗೆ ಬೇಕಾದ ಜಾಗ ದೊಡ್ಡದೇನಲ್ಲ. ಆ ಕಾಲದ ಮನೆ ಕಂಪ್ಯೂಟರುಗಳಲ್ಲಿ 40 ಅಥವಾ 80 ಜಿಬಿ ಡಿಸ್ಕುಗಳೇ ಹೆಚ್ಚಾಗಿದ್ದವು. ವಿಂಡೋಸಿಗೆ ನೇರ ಜೋಡಿಸಿದಾಗ ಕೆಲವೊಮ್ಮೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ. ಅದಕ್ಕೆ ಎಂದೂ ಒಪ್ಪಿಗೆ ಒತ್ತಬೇಡಿ. ನನ್ನ ಸಲಹೆಯೆಂದರೆ, ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಉಬುಂಟು ಲಿನಕ್ಸನ್ನು ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಬೇರೊಂದು ಹೊಸ ಡಿಸ್ಕಿಗೆ ಇಳಿಸಿಕೊಳ್ಳುವುದು. ಇದು ಸುಲಭವಾಗಿ ಓದಲು ಸಿಗುವ ಭಾಗಗಳನ್ನು ಮೊದಲು ನಕಲು ಮಾಡಿಕೊಂಡು, ಹಾಳಾದ ಭಾಗಗಳಿಗೆ ಆಮೇಲೆ ಮರಳಿ ಬರುತ್ತದೆ. ಹೀಗಾಗಿ ಡಿಸ್ಕ್ ನಡುವೆಯೇ ಪ್ರಾಣ ಬಿಟ್ಟರೂ ಹೆಚ್ಚಿನ ಭಾಗ ನಿಮ್ಮ ಕೈಯಲ್ಲಿರುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಪ್ರತ್ಯೇಕ ನಕ್ಷೆಯ ಕಡತದಲ್ಲಿ ಬರೆದಿಡುವಂತೆ ಅದಕ್ಕೆ ಹೇಳಬಹುದು. ಪೆನ್‌ಡ್ರೈವಿನಿಂದ ಚಾಲೂ ಮಾಡಿದ ಉಬುಂಟು ಆಫ್ ಆದೊಡನೆ ಎಲ್ಲವನ್ನೂ ಮರೆಯುವುದರಿಂದ ಈ ನಕ್ಷೆಯನ್ನು ಕೂಡ ಹೊಸ ಡಿಸ್ಕಿನಲ್ಲೇ ಇರಿಸಿ. ಆಗ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ನಮ್ಮ ಹಳ್ಳಿಗಳಿಗೆ ಈ ಅನುಕೂಲ ಬಹಳ ದೊಡ್ಡದು. ಆದರೂ ಯುಪಿಎಸ್ ಇದ್ದರೆ ಬಳಸಿ. ಎಲ್ಲಿಂದ ಎಲ್ಲಿಗೆ ನಕಲಾಗಬೇಕು ಎಂಬುದನ್ನು ಬರೆಯುವಾಗ ಎರಡು ಡಿಸ್ಕುಗಳ ಹೆಸರು ಅದಲು ಬದಲಾದರೆ ಮೂಲವೇ ಅಳಿಸಿಹೋಗುತ್ತದೆ. ಈ ಹಂತದಲ್ಲಿ ಲಿನಕ್ಸ್ ಬಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಜಾಣತನ.

ಪ್ರತಿಬಿಂಬ ಸಿದ್ಧವಾದ ಮೇಲೆ ಮೂಲ ಡಿಸ್ಕನ್ನು ಸಿಲಿಕಾ ಜೆಲ್ ಡಬ್ಬಿಗೆ ಹಿಂದಿರುಗಿಸಿ. ಉಬುಂಟುವಿನ ಡಿಸ್ಕ್ ಇಮೇಜ್ ಮೌಂಟರ್‌ನಲ್ಲಿ ಪ್ರತಿಬಿಂಬವನ್ನು ತೆರೆದರೆ ಅದು ತಾನಾಗಿಯೇ ಓದಲಷ್ಟೇ ಬರುವಂತೆ ತೆರೆದುಕೊಳ್ಳುತ್ತದೆ. ಒಳಗೆ ‘ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್’ ಎಂಬ ಫೋಲ್ಡರ್, ಅದರಲ್ಲಿ ತಂದೆಯವರ ಬಳಕೆದಾರ ಹೆಸರು, ಅದರೊಳಗೆ ‘ಲೋಕಲ್ ಸೆಟ್ಟಿಂಗ್ಸ್’, ‘ಅಪ್ಲಿಕೇಶನ್ ಡೇಟಾ’, ‘ಐಡೆಂಟಿಟೀಸ್’ ಎಂದು ಇಳಿಯುತ್ತ ಹೋಗಿ. ಅಲ್ಲಿ ಮೀಸೆಯಾಕಾರದ ಆವರಣದೊಳಗೆ ಉದ್ದನೆಯ ಅಂಕಿ ಅಕ್ಷರಗಳ ಹೆಸರುಳ್ಳ ಒಂದು ಫೋಲ್ಡರ್ ಇರುತ್ತದೆ. ಅದರೊಳಗಿನ ‘ಮೈಕ್ರೋಸಾಫ್ಟ್’, ಅದರೊಳಗಿನ ‘ಔಟ್‌ಲುಕ್ ಎಕ್ಸ್‌ಪ್ರೆಸ್’ ಫೋಲ್ಡರಿನಲ್ಲಿ ಇನ್‌ಬಾಕ್ಸ್, ಸೆಂಟ್ ಐಟಮ್ಸ್ ಎಂಬ ಹೆಸರಿನ, ಡಿಬಿಎಕ್ಸ್ ಎಂದು ಕೊನೆಯಾಗುವ ಕಡತಗಳಿವೆ. ಪತ್ರಗಳೆಲ್ಲ ಅವುಗಳೊಳಗೇ ಇವೆ. ಲೋಕಲ್ ಸೆಟ್ಟಿಂಗ್ಸ್ ಅಡಗಿಸಿಟ್ಟ ಫೋಲ್ಡರ್ ಆದ್ದರಿಂದ ವಿಂಡೋಸಿನಲ್ಲಿ ಹುಡುಕಿದವರು ‘ಏನೂ ಇಲ್ಲ’ ಎಂದು ಕೈಚೆಲ್ಲುವುದುಂಟು. ನಿಮಗೆ ಉತ್ತರಿಸಿದ ಅಂಗಡಿಯವರು ಇಷ್ಟು ದೂರವೂ ಹೋಗಿರಲಾರರು. ಎಕ್ಸ್‌ಪಿಯ ಪಾಸ್‌ವರ್ಡ್ ಗೊತ್ತಿಲ್ಲ ಎಂಬ ಚಿಂತೆಯೂ ಬೇಡ. ಕಡತಗಳನ್ನು ಪ್ರತ್ಯೇಕವಾಗಿ ಎನ್‌ಕ್ರಿಪ್ಟ್ ಮಾಡಿರದಿದ್ದರೆ ಆ ಪಾಸ್‌ವರ್ಡ್ ಇಲ್ಲದೆಯೇ ಲಿನಕ್ಸ್ ಅವುಗಳನ್ನು ಓದುತ್ತದೆ. ಅಲ್ಲಿಯೇ ಇನ್ನೊಂದು ಕಡೆ, ತಂದೆಯವರ ಹೆಸರಿನ ಕೆಳಗೆ ನೇರವಾಗಿರುವ ‘ಅಪ್ಲಿಕೇಶನ್ ಡೇಟಾ’ದೊಳಗೆ, ವಿಳಾಸ ಪುಸ್ತಕದ ಡಬ್ಲ್ಯೂಎಬಿ ಕಡತವೂ ಇರುತ್ತದೆ. ಯಾವ ಪತ್ರ ಯಾರದು ಎಂದು ಗುರುತಿಸಲು ಅದು ಬೇಕಾಗುತ್ತದೆ, ಬಿಡಬೇಡಿ.

ಇಂದಿನ ವಿಂಡೋಸಿನಲ್ಲಿ ಔಟ್‌ಲುಕ್ ಎಕ್ಸ್‌ಪ್ರೆಸ್ ಇಲ್ಲ. ಅನ್‌ಡಿಬಿಎಕ್ಸ್ ಎಂಬ ಮುಕ್ತ ತಂತ್ರಾಂಶ ಡಿಬಿಎಕ್ಸ್ ಕಡತದಿಂದ ಒಂದೊಂದು ಪತ್ರವನ್ನೂ ಬಿಡಿಯಾದ ಇಎಂಎಲ್ ಕಡತವಾಗಿ ಹೊರತೆಗೆಯುತ್ತದೆ. ಕಡತ ಭಾಗಶಃ ಕೆಟ್ಟಿದ್ದರೆ ಅದರಿಂದ ಸಿಕ್ಕಷ್ಟನ್ನು ತೆಗೆಯುವ ವಿಧಾನವೂ ಅದರಲ್ಲಿದೆ. ಇಎಂಎಲ್ ಕಡತಗಳನ್ನು ಥಂಡರ್‌ಬರ್ಡ್ ಎಂಬ ಉಚಿತ ಇಮೇಲ್ ತಂತ್ರಾಂಶದಲ್ಲಿ ತೆರೆದು ಓದಬಹುದು. ಡಿಬಿಎಕ್ಸ್ ಕಡತಗಳೇ ಕಾಣದಿದ್ದರೆ, ಅಂದರೆ ಯಾರೋ ಎಂದೋ ವಿಂಡೋಸನ್ನು ಮತ್ತೆ ಹಾಕಿದ್ದರೆ, ಅದೇ ಪ್ರತಿಬಿಂಬದ ಮೇಲೆ ಫೋಟೊರೆಕ್ ತಂತ್ರಾಂಶವನ್ನು ಓಡಿಸಿ. ಹೆಸರು ಫೋಟೊ ಎಂದಿದ್ದರೂ ಅದು ಅಳಿಸಿಹೋದ ಡಿಬಿಎಕ್ಸ್ ಕಡತಗಳನ್ನೂ ಗುರುತಿಸುತ್ತದೆ.

ಕೊನೆಯ ತೊಡಕು ಕನ್ನಡದ್ದೇ. ಪತ್ರ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಚುಕ್ಕೆ, ಗೀಟುಗಳಿರುವ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ಕಡತ ಹಾಳಾಗಿದೆ ಎಂದು ತಿಳಿಯಬೇಡಿ. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಸಾಮಾನ್ಯ ಅಕ್ಷರ ವಿನ್ಯಾಸಗಳು ಇಂದು ಎಲ್ಲೆಡೆ ಬಳಕೆಯಲ್ಲಿರುವ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಇರಿಸಿ ಅವು ಬರಹವನ್ನು ತೋರಿಸುತ್ತಿದ್ದವು. ‘ನುಡಿ 01 ಇ’ ಫಾಂಟನ್ನು ಕಂಪ್ಯೂಟರಿಗೆ ಹಾಕಿದರೆ ಹೆಚ್ಚಿನ ಪತ್ರಗಳು ಹಾಗೆಯೇ ಓದಲು ಬರುತ್ತವೆ. ಬಹುಕಾಲ ಉಳಿಸಲು ಮಾತ್ರ ಉಚಿತವಾಗಿ ಸಿಗುವ ಪರಿವರ್ತಕಗಳಿಂದ ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಪರಿವರ್ತಕಕ್ಕೆ ಪತ್ರದ ಕನ್ನಡ ಭಾಗವನ್ನಷ್ಟೇ ಕೊಡಿ, ಏಕೆಂದರೆ ನಡುವೆ ಬಂದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳನ್ನೂ ಅದು ಅರ್ಥವಿಲ್ಲದ ಕನ್ನಡವಾಗಿ ಬದಲಿಸಿಬಿಡುತ್ತದೆ. ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಊರು, ಮನೆತನಗಳ ಹೆಸರನ್ನು ಮೂಲದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ. ಮುಳುಗಿದ ಊರಿನ ಹೆಸರು ಇಲ್ಲಿ ತಪ್ಪಿದರೆ ಮುಂದೆ ತಿದ್ದುವವರು ಇರುವುದಿಲ್ಲ. ಮೂಲ ಇಎಂಎಲ್ ಕಡತಗಳನ್ನು ಪರಿವರ್ತನೆಯ ನಂತರವೂ ಅಳಿಸದೆ, ಬೇರೆ ಬೇರೆ ಮನೆಗಳಲ್ಲಿ ಎರಡು ಪ್ರತಿಗಳನ್ನಿಡಿ.

ಪ್ರಶ್ನೆ: ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಬ್ರೌಸರ್ ಮೂಲಕವೇ ಯಾಹೂ ಮತ್ತು ಜಿಮೇಲ್ ನೋಡುತ್ತಿದ್ದೆವು. ಆ ಪತ್ರಗಳನ್ನೂ ಡಿಸ್ಕಿನಿಂದ ತೆಗೆಯಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಸಾಮಾನ್ಯವಾಗಿ ಆಗುವುದಿಲ್ಲ. ಬ್ರೌಸರಿನಲ್ಲಿ ನೋಡಿದ ಪತ್ರಗಳು ಆಯಾ ಕಂಪನಿಯ ಸರ್ವರಿನಲ್ಲೇ ಇದ್ದವು. ನಿಮ್ಮ ಡಿಸ್ಕಿನಲ್ಲಿ ಉಳಿದಿರಬಹುದಾದದ್ದು ತಾತ್ಕಾಲಿಕ ಕಡತಗಳ ಚೂರುಗಳು ಮತ್ತು ನೀವು ಇಳಿಸಿಕೊಂಡ ಲಗತ್ತುಗಳು ಮಾತ್ರ. ಡಿಸ್ಕಿಗಿಂತ ಮೊದಲು ಖಾತೆಯತ್ತ ಗಮನ ಕೊಡಿ. ಗೂಗಲ್ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರಿನಿಂದ ಅಳಿಸತೊಡಗಿದೆ. ಯಾಹೂ ಒಂದು ವರ್ಷ ತೆರೆಯದ ಅಂಚೆಪೆಟ್ಟಿಗೆಯನ್ನು ಖಾಲಿ ಮಾಡಬಹುದು. ಹಳೆಯ ಡಿಸ್ಕಿನ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಸಿಕ್ಕಿ, ಖಾತೆ ಇನ್ನೂ ಜೀವಂತವಾಗಿದ್ದರೆ, ಅಂದೇ ಎಲ್ಲ ಪತ್ರಗಳನ್ನೂ ಥಂಡರ್‌ಬರ್ಡ್‌ಗೆ ಇಳಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಹಳೆಯ ಡಿಸ್ಕಿನಲ್ಲಿ ಔಟ್‌ಲುಕ್ 2000ದ, ಪತ್ರಗಳನ್ನೆಲ್ಲ ಒಟ್ಟಿಗೆ ಕೂಡಿಡುವ ಪಿಎಸ್‌ಟಿ ಕಡತ ಸಿಕ್ಕಿದೆ. ಗಾತ್ರ ಹೆಚ್ಚು ಕಡಿಮೆ 2 ಜಿಬಿ. ತೆರೆಯುತ್ತಿಲ್ಲ.
— ಓದುಗರು, ಸಾಗರ

ಉತ್ತರ: ಗಾತ್ರವೇ ಕಾರಣವನ್ನು ಹೇಳುತ್ತಿದೆ. ಔಟ್‌ಲುಕ್ 2002 ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳ ಪಿಎಸ್‌ಟಿ ಕಡತಕ್ಕೆ 2 ಜಿಬಿ ಮಿತಿಯಿತ್ತು. ಅದನ್ನು ಮುಟ್ಟಿದ ಕಡತಗಳು ಕೆಡುತ್ತಿದ್ದವು. ಕಡತದ ಪ್ರತಿಯೊಂದನ್ನು ಮಾಡಿಕೊಂಡು, ಆ ಪ್ರತಿಯ ಮೇಲೆ ಔಟ್‌ಲುಕ್ ಜೊತೆಗೇ ಬರುವ ಸ್ಕ್ಯಾನ್‌ಪಿಎಸ್‌ಟಿ ದುರಸ್ತಿ ಸಾಧನವನ್ನು ಓಡಿಸಿ. ಅದು ಒಪ್ಪದಿದ್ದರೆ ಲಿನಕ್ಸಿನ ರೀಡ್‌ಪಿಎಸ್‌ಟಿಯಿಂದ ಪತ್ರಗಳನ್ನು ನೇರವಾಗಿ ಹೊರತೆಗೆಯಲು ಪ್ರಯತ್ನಿಸಿ. ಕಡತದ ಕೊನೆಯನ್ನು ಕತ್ತರಿಸಿ ಗಾತ್ರ ತಗ್ಗಿಸುವ ಸಾಧನಗಳೂ ಇವೆ. ಆದರೆ ಕತ್ತರಿಸಿದ ಭಾಗದಲ್ಲಿದ್ದ ಪತ್ರಗಳು ಹೋಗುವುದರಿಂದ, ಬೇರೆಲ್ಲ ದಾರಿ ಮುಗಿದ ಮೇಲೆ ಮಾತ್ರ, ಅದೂ ಇನ್ನೊಂದು ಪ್ರತಿಯ ಮೇಲೆ, ಅದನ್ನು ಬಳಸಿ.