ನಾಲ್ಕು ರ‍್ಯಾಮ್ ಹಾಕಿದ್ಮೇಲೆ ಎರರ್ ಬರ್ತಿದೆ, ಹೊಸ ಸ್ಟಿಕ್ಕೇ ಹಾಳಾ?

ಪ್ರಶ್ನೆ: ನಾನೇ ಜೋಡಿಸಿದ ಪಿಸಿ. ಡಿಡಿಆರ್4, 3600 ಸ್ಪೀಡಿನ 8 ಜಿಬಿ ಸ್ಟಿಕ್ ಎರಡಿತ್ತು, ಒಂದ್ ವರ್ಷ ಏನೂ ತೊಂದ್ರೆ ಇರ್ಲಿಲ್ಲ. ಹೋದ ತಿಂಗ್ಳು ಅದೇ ಮಾಡೆಲ್ಲಿಂದು ಇನ್ನೆರಡು ಹಾಕ್ದೆ. ಈಗ ಆಗಾಗ ಬ್ಲೂ ಸ್ಕ್ರೀನ್, ದೊಡ್ಡ ಜಿಪ್ ಫೈಲ್ ಬಿಚ್ಚೋಕೆ ಹೋದ್ರೆ ಸಿಆರ್‌ಸಿ ಎರರ್ (ಫೈಲಿನ ಡೇಟಾ ತಾಳೆಯಾಗ್ತಿಲ್ಲ ಅಂತ). ಮೆಮ್‌ಟೆಸ್ಟ್ ಅನ್ನೋ ಮೆಮೊರಿ ಪರೀಕ್ಷೆ ಪ್ರೋಗ್ರಾಂ ಓಡಿಸ್ದೆ, ಮೂರನೇ ಪಾಸಲ್ಲಿ (ಸುತ್ತಲ್ಲಿ) 6 ಎರರ್ ಬಂತು. ಆರೇ ಅಲ್ವಾ, ಪರ್ವಾಗಿಲ್ವಾ?

ಉತ್ತರ: ಆರಲ್ಲ, ಒಂದು ಬಂದ್ರೂ ಬಿಡೋ ಹಾಗಿಲ್ಲ. ನೀವು ಫೋಟೋ ಕಾಪಿ ಮಾಡಿದ್ರೂ ಅದು ರ‍್ಯಾಮ್ ಮೂಲಕಾನೇ ಹೋಗೋದು, ಅಲ್ಲಿ ಒಂದು ಬಿಟ್ ತಿರುಗಿದ್ರೆ ತಪ್ಪಾಗಿರೋದೇ ಡಿಸ್ಕಿಗೆ ಬರೆದುಹೋಗುತ್ತೆ, ನಿಮಗೆ ಸುಳಿವೂ ಸಿಗಲ್ಲ. ಅದಕ್ಕೇ ಇದು ಸರಿಹೋಗೋ ತನಕ ದಯವಿಟ್ಟು ಹಳೇ ಬ್ಯಾಕಪ್ ಮೇಲೆ ಹೊಸದು ಬರೀಬೇಡಿ.

ಆದ್ರೆ ಹೊಸ ಸ್ಟಿಕ್ ಮೇಲೆ ಈಗ್ಲೇ ತಪ್ಪು ಹೊರಿಸ್ಬೇಡಿ. 3600 ಅನ್ನೋದು ಎಕ್ಸ್‌ಎಂಪಿ (ಸ್ಟಿಕ್ಕಲ್ಲೇ ಕಂಪನಿಯೋರು ಬರೆದಿಟ್ಟ ಹೆಚ್ಚಿನ ಸ್ಪೀಡಿನ ಸೆಟ್ಟಿಂಗ್) ಸ್ಪೀಡು, ಅಂದ್ರೆ ಓವರ್‌ಕ್ಲಾಕೇ (ಮಾಮೂಲಿಗಿಂತ ಜೋರಾಗಿ ಓಡಿಸೋದು), ಮತ್ತೆ ಎರಡು ಸ್ಟಿಕ್ಕಿನ ಕಿಟ್ಟನ್ನ ಕಂಪನಿಯೋರು ಟೆಸ್ಟ್ ಮಾಡಿರೋದು ಎರಡಕ್ಕೇ, ನಾಲ್ಕಾದಾಗ ಸಿಪಿಯು ಒಳಗಿರೋ ಮೆಮೊರಿ ಕಂಟ್ರೋಲರ್ ಮೇಲೆ ಲೋಡ್ ಜಾಸ್ತಿಯಾಗುತ್ತೆ. ಮಾಡೆಲ್ ನಂಬರ್ ಒಂದೇ ಇದ್ರೂ ಒಳಗಿನ ಚಿಪ್ ಬೇರೆ ಇರ್ಬಹುದು.

ಮೊದ್ಲು ಬಯಾಸಲ್ಲಿ (ಪಿಸಿ ಆನ್ ಆಗುವಾಗ ತೆಗೆಯೋ ಬೋರ್ಡಿನ ಸೆಟ್ಟಿಂಗ್ಸಲ್ಲಿ) ಎಕ್ಸ್‌ಎಂಪಿ ಆಫ್ ಮಾಡಿ. ಸ್ಪೀಡು ಇಳಿಯುತ್ತೆ, ವೋಲ್ಟೇಜು ಸಾಮಾನ್ಯವಾಗಿ 1.35ರಿಂದ 1.2ಕ್ಕೆ ಬರುತ್ತೆ, ರಾತ್ರಿಯಿಡೀ ಮೆಮ್‌ಟೆಸ್ಟ್ ಬಿಟ್ಟು ಮಲಗಿ. ಬೆಳಿಗ್ಗೆ ಸೊನ್ನೆ ಇದ್ರೆ ಸ್ಟಿಕ್ಕುಗಳು ಬಹುತೇಕ ಚೆನ್ನಾಗೇ ಇವೆ, ಎಕ್ಸ್‌ಎಂಪಿ ವಾಪಸ್ ಹಾಕಿ ಸ್ಪೀಡ್ ಮಾತ್ರ 3200ಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡಿ. ನಾನಾದ್ರೆ ಅಷ್ಟಕ್ಕೇ ಬಿಡ್ತೀನಿ, ವ್ಯತ್ಯಾಸ ದಿನದ ಕೆಲ್ಸದಲ್ಲಿ ಗೊತ್ತೇ ಆಗಲ್ಲ.

ಆಫ್ ಮಾಡಿದ್ರೂ ಎರರ್ ಬಂತಾ? ಪವರ್ ಕೇಬಲ್ ಕಿತ್ತು, ಸ್ಟಿಕ್ಕಿಗೆಲ್ಲ ಟೇಪ್ ಅಂಟಿಸಿ 1, 2, 3, 4 ಅಂತ ಬರೀರಿ, ಆಮೇಲೆ ಒಂದೊಂದನ್ನೇ ಒಂದೇ ಸ್ಲಾಟಲ್ಲಿ ಹಾಕಿ, ಹೆಚ್ಚಿನ ಬೋರ್ಡಲ್ಲಿ ಸಿಪಿಯು ಕಡೆಯಿಂದ ಎರಡನೇದು, ತಲಾ ನಾಲ್ಕು ಪಾಸ್ ಓಡಿಸಿ. ಒಂದು ಸ್ಟಿಕ್ಕಲ್ಲಿ ಮಾತ್ರ ಎರರ್ ಬಂದ್ರೆ ಕಳ್ಳ ಅದೇ. ಎಲ್ಲದ್ರಲ್ಲೂ ಬಂದ್ರೆ ಸ್ಲಾಟ್ ಬದಲಿಸಿ ನೋಡಿ, ಆಗ ತೊಂದ್ರೆ ಬೋರ್ಡಲ್ಲೋ ಸಿಪಿಯು ಸಾಕೆಟ್ಟಲ್ಲೋ ಇರ್ಬಹುದು. ಕೂಲರ್ ಸ್ಕ್ರೂ ಒಂದು ಕಡೆ ಮಾತ್ರ ಬಿಗಿಯಾದ್ರೂ, ಸಾಕೆಟ್ಟಲ್ಲಿ ಒಂದು ಪಿನ್ ಬಾಗಿದ್ರೂ ಒಂದಿಡೀ ಚಾನಲ್ (ಸಿಪಿಯುಗೂ ಮೆಮೊರಿಗೂ ನಡುವಿನ ದಾರಿ) ಕೈಕೊಡುತ್ತೆ.

ಹಾಕುವಾಗ ಒಂದು ಕಡೆಗೆ ಮಾತ್ರ ಲಾಕ್ ಇರೋ ಸ್ಲಾಟಾದ್ರೆ ಲಾಕ್ ಇಲ್ಲದ ತುದಿ ಮೇಲೆ ಕಣ್ಣಿಡಿ, ಅಲ್ಲೇ ಅರ್ಧ ಕೂತಿರುತ್ತೆ, ಚಿನ್ನದ ಬಣ್ಣದ ಗೆರೆ ಒಂದು ತುದಿಯಲ್ಲಿ ದಪ್ಪ ಇನ್ನೊಂದರಲ್ಲಿ ಸಣ್ಣ ಕಂಡ್ರೆ ಸರಿಯಾಗಿ ಕೂತಿಲ್ಲ ಅಂತಾನೇ.

ವಾರಂಟಿಗೆ ಕಳಿಸೋದಾದ್ರೆ ಕೆಟ್ಟಿರೋ ಒಂದನ್ನೇ ಅಲ್ಲ, ಅದರ ಜೋಡೀನೂ ಸೇರಿಸಿ ಕಳಿಸಿ. ಎರರ್ ಎಲ್ಲ ಸರಿಹೋದ್ಮೇಲೆ ವಿಂಡೋಸಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್ (ವಿಂಡೋಸಿನ ಫೈಲುಗಳು ಕೆಟ್ಟಿವೆಯಾ ಅಂತ ನೋಡೋದು) ಓಡಿಸಿ, ಆ ಜಿಪ್ ಫೈಲನ್ನ ಹೊಸದಾಗಿ ಡೌನ್‌ಲೋಡ್ ಮಾಡ್ಕೊಳ್ಳಿ, ಈ ಒಂದ್ ತಿಂಗ್ಳಲ್ಲಿ ಕಾಪಿ ಮಾಡಿದ ಫೋಟೋಗಳನ್ನೂ ಒಂದೊಂದಾಗಿ ತೆಗೆದು ನೋಡಿ.